ರೋಮಿನಲ್ಲಿ ಕಳೆದ ಕರಡಿಗೆ

ನಾನು ಯುರೋಪಿನ ಸೀಮೆಗೆ ಹೋಗಿ ಬಂದ ಮೇಲೆ ಅಜ್ಜಂಪುರದಲ್ಲಿ ಕಂಡವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಊಟಕ್ಕೆ ಏನು ಮಾಡಿಕೊಂಡಿರಿ? ರೋಮ್ ಎರಡು ಸಾವಿರ ವರ್ಷಕ್ಕೂ ಹಳೆಯ ಪಟ್ಟಣ, ಅಲ್ಲಿಯ ಕಂಬಗಳು ನಮ್ಮ ತೆಂಗಿನ ಮರದಷ್ಟು ಎತ್ತರ ಎಂದು ನಾನು ಶುರು ಮಾಡುವಷ್ಟರಲ್ಲಿ ಅವರಿಗೆ ಬೇಸರ ಬಂದುಬಿಡುತ್ತಿತ್ತು. ಅನ್ನ ಸಿಕ್ಕಿತೇ, ಮಜ್ಜಿಗೆ ಸಿಕ್ಕಿತೇ, ಅಷ್ಟು ಹೇಳಿದರೆ ಸಾಕು. ಅನ್ನ ಸಿಕ್ಕಿತು, ಮಜ್ಜಿಗೆ ಸಿಗಲಿಲ್ಲ. ಆದರೆ ಒಂದು ದಿನ ಮಾತ್ರ, ಬೆಳಿಗ್ಗೆ ಕುಡಿದ ಒಂದು ಲೋಟ ಹಾಲು ಬಿಟ್ಟರೆ, ಸಂಜೆಯವರೆಗೂ ನನ್ನ ಗಂಟಲಿನಲ್ಲಿ ತೊಟ್ಟು ನೀರು ಇಳಿಯಲಿಲ್ಲ. ಬರೆಯಬೇಕಾದ ಸಂಗತಿ ಏನಾದರೂ ಇದ್ದರೆ ಅದೊಂದೇ.

ನಾನು ಅಮೃತಮಹಲ್ ದನಗಳ ಕಚೇರಿಯಲ್ಲಿ ಗುಮಾಸ್ತ. ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ದನಗಳ ರೋಗರುಜಿನದ ಬಗ್ಗೆ ರೋಮಿನಲ್ಲಿ ದೇಶದೇಶದವರು ಸೇರುವ ಸಭೆಯೊಂದಕ್ಕೆ ನಮ್ಮ ಸಾಹೇಬರಿಗೆ ಕರೆ ಬಂತು. ಕಾಗದಪತ್ರ ಹೊರಲು, ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ವಿಷಯ ಕೇಳಿದಾಗ ಬಾಯಿಪಾಠ ಒಪ್ಪಿಸಲು ಜೊತೆಗೊಬ್ಬ ಬೇಕಿತ್ತು. ಇಂಗ್ಲಿಷ್ ಬರುತ್ತದೆ, ಮೇಲಾಗಿ ಎದುರು ಮಾತನಾಡುವವನಲ್ಲ ಎಂದು ನನ್ನನ್ನು ಆರಿಸಿದರು.

ಅಜ್ಜಂಪುರದ ಸ್ಟೇಷನ್

ರೈಲು ಹತ್ತಿಸಲು ತರೀಕೆರೆಯಿಂದ ಅಕ್ಕ ಬಂದಿದ್ದಳು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ, ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿದ್ದಳು. ಅದರ ಜೊತೆಗೆ ಎರಡು ಹೊಸ ಶಿವದಾರ. ನಾವು ಲಿಂಗ ಕಟ್ಟುವ ಮನೆತನದವರು. ದೀಕ್ಷೆಯಾದಂದಿನಿಂದ ಇಷ್ಟಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಎದೆಯ ಮೇಲೆ ಇರುತ್ತದೆ. ಅದನ್ನು ಕಟ್ಟುವ ದಾರವನ್ನು ಅಕ್ಕ ತಾನೇ ಹೊಸೆದು, ಜೇನುಮೇಣ ಸವರಿ, ಹೆಬ್ಬೆರಳಿನಿಂದ ತೀಡಿ ತೀಡಿ ನುಣುಪು ಮಾಡುತ್ತಿದ್ದಳು. ಬೆವರಿಗೆ ಕೊಳೆಯಬಾರದು, ಎಳೆದರೆ ತುಂಡಾಗಬಾರದು.

"ಸಮುದ್ರ ದಾಟ್ತೀಯೋ ಆಕಾಶ ದಾಟ್ತೀಯೋ ನಂಗೆ ಗೊತ್ತಿಲ್ಲ ಕಣೋ," ಎಂದಳು. "ಲಿಂಗ ಮೈಮ್ಯಾಲೆ ಇರ್ಲಿ. ಅದಿಲ್ದೆ ತೊಟ್ಟು ನೀರೂ ಗಂಟ್ಲಾಗೆ ಇಳೀಬಾರ್ದು."

ನಾನು ಆಗಲಿ ಎಂದೆ. ಚಿಕ್ಕಂದಿನಿಂದ ನಡೆದು ಬಂದದ್ದಕ್ಕೆ ಮಾತು ಕೊಡುವುದೇನು ಕಷ್ಟ?

ಕಷ್ಟ ಶುರುವಾದದ್ದು ಸೂಟಿನಿಂದ. ಬೆಂಗಳೂರಿನ ದರ್ಜಿ ಹೊಲಿದ ಬಿಗಿ ಅಂಗಿ, ಅದರ ಮೇಲೆ ಟೈ. ಟೈಯ ಕೆಳಗೆ ಕರಡಿಗೆ ಸಣ್ಣ ನಿಂಬೆಹಣ್ಣಿನಂತೆ ಉಬ್ಬಿ ನಿಲ್ಲುತ್ತಿತ್ತು. ಹಡಗಿನಲ್ಲಿ ಊಟಕ್ಕೆ ಕೂತಾಗ ಎದುರಿಗಿದ್ದವರ ಕಣ್ಣು ಅಲ್ಲೇ. ಮೂರನೆಯ ದಿನ ಸಾಹೇಬರೇ ಕೇಳಿದರು: "ಅದೇನ್ರೀ ಅದು ಗಂಟು? ಬಾವು ಗೀವು ಎದ್ದಿದೆಯೇನ್ರೀ?" ಅವರಿಗೆ ಅದು ಏನೆಂದು ಗೊತ್ತಿತ್ತು, ಆದರೂ ಕೇಳಿದರು. ಮಾರನೆಯ ದಿನದಿಂದ ಬೆಳಗಿನ ಪೂಜೆ ಮುಗಿದ ಕೂಡಲೇ ಶಿವದಾರವನ್ನು ಸುತ್ತಿ, ಕರಡಿಗೆಯನ್ನು ವೇಸ್ಟ್‌ಕೋಟಿನ ಎಡಜೇಬಿಗೆ ಹಾಕಿಕೊಳ್ಳತೊಡಗಿದೆ. ಬಲಜೇಬಿನಲ್ಲಿ ಗಡಿಯಾರ, ಅದಕ್ಕೆ ಮಾವ ಮದುವೆಯಲ್ಲಿ ಕೊಟ್ಟ ಬೆಳ್ಳಿ ಸರಪಣಿ. ಜೇಬೂ ಮೈಮೇಲೆಯೇ ತಾನೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಗಡಿಯಾರಕ್ಕೆ ಸರಪಣಿ ಇತ್ತು, ಲಿಂಗಕ್ಕೆ ಇರಲಿಲ್ಲ. ಇದು ಆಗ ಹೊಳೆಯಲಿಲ್ಲ.

ಹೋಟೆಲಿನ ಬಾಗಿಲು

ರೋಮ್ ತಲುಪಿದ ಮೂರನೆಯ ದಿನ ಸಭೆಗೆ ಬಿಡುವು. ಸಾಹೇಬರು ಹೊಟ್ಟೆ ಕೆಡಿಸಿಕೊಂಡು ಮಲಗಿದ್ದರು. ನೀವಾದರೂ ಊರು ನೋಡಿ ಬನ್ನಿ ಎಂದರು. ಹೋಟೆಲಿನವರು ಪ್ರಯಾಣಿಕರನ್ನು ಗುಂಪು ಮಾಡಿ, ಕಾಲ್ನಡಿಗೆಯಲ್ಲೇ ಊರು ತೋರಿಸುವ ಒಬ್ಬ ಮನುಷ್ಯನ ಜೊತೆ ಕಳಿಸುವ ಏರ್ಪಾಡು ಇಟ್ಟುಕೊಂಡಿದ್ದರು.

ಆ ಮನುಷ್ಯನ ಹೆಸರು ಬೆನೆದೆತ್ತೊ. ಅರವತ್ತರ ಆಸುಪಾಸು, ಬಿಳಿ ಮೀಸೆ, ಸವೆದ ಕರಿ ಕೋಟು. ಮೊದಲು ಶಾಲೆಯ ಮಾಸ್ತರನಾಗಿದ್ದನಂತೆ. ಇಂಗ್ಲಿಷನ್ನು ಪಾಠ ಹೇಳುವವರ ಹಾಗೆ ನಿಧಾನವಾಗಿ ಆಡುತ್ತಿದ್ದ. ಜುಲೈ ತಿಂಗಳು, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಅವನ ಕೈಯಲ್ಲಿ ಮಾತ್ರ ಮಡಿಸಿದ ಕೊಡೆ. ಅದು ಮಳೆಗೂ ಅಲ್ಲ ಬಿಸಿಲಿಗೂ ಅಲ್ಲ ಎಂದು ಆಮೇಲೆ ತಿಳಿಯಿತು. ಕೊಡೆಯನ್ನು ಎತ್ತಿ ಹಿಡಿದು ಅವನು ಮುಂದೆ ನಡೆದರೆ ನಾವು ಹಿಂದೆ. ಪ್ರತಿ ತಿರುವಿನಲ್ಲೂ ನಿಂತು ಕೊಡೆಯ ತುದಿಯಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದ. ನಮ್ಮ ಕಾವಲಿನಲ್ಲಿ ದೊಡ್ಡಿಯ ಬಾಗಿಲಿಗೆ ಬಡಿಗೆ ಹಿಡಿದು ನಿಲ್ಲುವ ದನಗಾಹಿಯೂ ಹೀಗೆಯೇ ಎಣಿಸುತ್ತಾನೆ. ಅಲ್ಲಿ ಎಣಿಕೆಯ ಕಾಗದ ಹಿಡಿದು ನಾನು ಆಚೆ ನಿಂತಿರುತ್ತಿದ್ದೆ. ಇಲ್ಲಿ ದನಗಳ ಕಡೆಗೆ ಸೇರಿದ್ದೆ.

ಗುಂಪಿನಲ್ಲಿ ನಾವು ಆರು ಜನ. ನನ್ನನ್ನು ಬಿಟ್ಟರೆ ಎಲ್ಲರೂ ಇಂಗ್ಲಿಷರು. ದಪ್ಪ ಕನ್ನಡಕದ ಒಬ್ಬ ಮುದುಕಿ ಕಂಡ ಕಂಡ ಕಂಬಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹಿಂದೆ ಬೀಳುತ್ತಿದ್ದಳು. ಅವಳಿಗಾಗಿ ಎಲ್ಲರೂ ಬಿಸಿಲಿನಲ್ಲಿ ಕಾಯಬೇಕು. ಯಾರೂ ಬೈಯಲಿಲ್ಲ. ನಮ್ಮಲ್ಲಾಗಿದ್ದರೆ ಎರಡನೆಯ ತಿರುವಿಗೇ ಬಾಯಿಗೆ ಬಂದಂತೆ ಅಂದುಬಿಡುತ್ತಿದ್ದರು, ಐದನೆಯ ತಿರುವಿಗೆ ಅವಳ ಚೀಲವನ್ನೂ ಹೊತ್ತುಕೊಳ್ಳುತ್ತಿದ್ದರು. ಇವರು ಬೈಯಲೂ ಇಲ್ಲ, ಹೊರಲೂ ಇಲ್ಲ.

ದನ ಮೇಯುತ್ತಿದ್ದ ಬಯಲು

ಹಿಂದಿನ ಚಕ್ರವರ್ತಿಗಳ ಕಾಲದ ಚಾವಡಿ ಎಂದು ಮೊದಲು ತೋರಿಸಿದ್ದು ಒಂದು ಹಾಳು ಬಯಲು. ಮುರಿದ ಕಂಬ, ಬಿದ್ದ ಕಲ್ಲು, ನಡುವೆ ಹುಲ್ಲು. ಇಂಗ್ಲಿಷರು ಟೋಪಿ ತೆಗೆದು ಮೌನವಾಗಿ ನಿಂತರು. ನನಗೆ ಅಷ್ಟೇನೂ ಅನ್ನಿಸಲಿಲ್ಲ. ಹಾಳು ದೇವಸ್ಥಾನಗಳ ನಡುವೆ ಬೆಳೆದವನಿಗೆ ಇನ್ನೊಂದು ಹಾಳು ಕಂಡರೆ ಊರಿಗೆ ಹೋದಂತೆಯೇ.

ಆದರೆ ಬೆನೆದೆತ್ತೊ ಒಂದು ಮಾತು ಹೇಳಿದ. ನೂರಾರು ವರ್ಷ ಈ ಜಾಗದ ಹೆಸರೇ ದನದ ಬಯಲು ಎಂದಿತ್ತಂತೆ. ಚಕ್ರವರ್ತಿಗಳು ಹೋದರು, ಮಣ್ಣು ತುಂಬಿತು, ಮೇಲೆ ಹುಲ್ಲು ಬೆಳೆಯಿತು, ದನ ಬಂದು ಮೇದವು; ಅವನ ಅಜ್ಜ ಇಲ್ಲೇ ಎತ್ತು ಕೊಂಡಿದ್ದನಂತೆ. ಆಗ ನನಗೆ ಊರು ಹಿಡಿಸಿತು. ಎತ್ತು ಯಾವ ಜಾತಿಯವು, ಕೊಂಬು ಹೇಗೆ, ಮೇವಿಗೆ ಏನು ಎಂದು ಕೇಳಿದೆ. ನೀಳ ಕೊಂಬಿನ ಬೂದು ಬಣ್ಣದವು ಎಂದು ಕೈಯಲ್ಲಿ ಕೊಂಬು ಮಾಡಿ ತೋರಿಸಿದ. ನಮ್ಮವೂ ಹಾಗೆಯೇ, ಆದರೆ ಕೊಂಬು ಹಿಂದಕ್ಕೆ ಹೋಗುತ್ತವೆ ಎಂದು ನಾನೂ ಕೈಯಲ್ಲಿ ತೋರಿಸಿದೆ. ಚಕ್ರವರ್ತಿಯ ಮಂಟಪದ ಮುಂದೆ ಇಬ್ಬರು ಗಂಡಸರು ತಲೆಯ ಮೇಲೆ ಕೈಯಿಟ್ಟು ಕೊಂಬು ಮಾಡಿಕೊಂಡು ನಿಂತದ್ದನ್ನು ಆ ಮುದುಕಿ ಪುಸ್ತಕದಲ್ಲಿ ಬರೆದುಕೊಂಡಳೋ ಏನೋ ಕಾಣೆ.

ಪುಟ್ಟ ಚರ್ಚು

ಅಲ್ಲಿಂದ ಓಣಿಗಳ ಒಳಗೆ ಹೊಕ್ಕೆವು. ಒಂದು ಓಣಿಯ ತುದಿಗೆ ಹೆಸರು ಹೇಳುವಂಥದ್ದಲ್ಲದ ಒಂದು ಪುಟ್ಟ ಚರ್ಚು. ಒಳಗೆ ತಂಪಾಗಿರುತ್ತದೆ, ಐದು ನಿಮಿಷ ಸುಧಾರಿಸಿಕೊಳ್ಳಿ ಎಂದು ಬೆನೆದೆತ್ತೊ ಕರೆದ.

ಬಾಗಿಲಲ್ಲಿ ನನ್ನನ್ನು ತಡೆದು ತಲೆ ತೋರಿಸಿದ. ಪೇಟ ತೆಗೆಯಬೇಕಂತೆ. ನಮ್ಮಲ್ಲಿ ಪೇಟ ತೆಗೆದು ಬರಿತಲೆಯಲ್ಲಿ ನಿಲ್ಲುವುದು ಸಾವಿನ ಮನೆಯಲ್ಲಿ. ದೇವರ ಮುಂದೆ ತೆಗೆಯುವುದು ಕೆರ. ಇಲ್ಲಿ ಎಲ್ಲರೂ ಟೋಪಿ ಕೈಯಲ್ಲಿ ಹಿಡಿದು, ಬೀದಿಯ ಧೂಳೆಲ್ಲ ಮೆತ್ತಿದ ಬೂಟಿನಲ್ಲೇ ದೇವರ ಮನೆಗೆ ನಡೆದುಬಿಟ್ಟರು. ಅವರ ದೇವರಿಗೆ ಒಂದು, ನನ್ನ ಅಭ್ಯಾಸಕ್ಕೆ ಒಂದು ಎಂದು ನಾನು ಎರಡನ್ನೂ ತೆಗೆದೆ. ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತು, ಬಗ್ಗಿ, ಬೂಟಿನ ಲಾಡಿ ಬಿಚ್ಚಿದೆ. ಹೊಸ ಬೂಟು, ಲಾಡಿ ಗಂಟು ಬಿದ್ದಿತ್ತು. ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಎಳೆದಾಡಿದೆ. ಕರಡಿಗೆ ಜಾರಿದ್ದು ಆಗಲೇ ಇರಬೇಕು. ಕೆಳಗೆ ಚಾಪೆ ಹಾಸಿತ್ತು, ಸದ್ದಾಗಲಿಲ್ಲ.

ಕಾಲುಚೀಲದಲ್ಲಿ ಒಳಗೆ ಹೋದೆ. ಕಲ್ಲು ಹಿತವಾಗಿ ತಣ್ಣಗಿತ್ತು. ಮೇರಿಯ ಒಂದು ಪಟ, ಅದರ ಎರಡೂ ಕಡೆ ಗೋಡೆಯ ತುಂಬ ಮೊಳೆ, ಮೊಳೆಗಳಲ್ಲಿ ಕೆಂಪು ಪಟ್ಟಿ ಕಟ್ಟಿ ತೂಗುಬಿಟ್ಟ ಬೆಳ್ಳಿಯ ಸಾಮಾನು. ಹೆಚ್ಚಿನವು ಹೃದಯದ ಆಕಾರದವು, ನಡುವೆ ಒಂದೆರಡು ಬೆಳ್ಳಿ ಕಾಲು, ಬೆಳ್ಳಿ ಕಣ್ಣು. ಹರಕೆ ಒಪ್ಪಿಸಿದ್ದಂತೆ. ನಮ್ಮಲ್ಲೂ ಕಣ್ಣುಬೇನೆಗೆ ಬೆಳ್ಳಿ ಕಣ್ಣು ಒಪ್ಪಿಸುತ್ತಾರೆ ಎಂದೆ. ಬೆನೆದೆತ್ತೊನಿಗೆ ಸಂತೋಷವಾಯಿತು, ಇಂಗ್ಲಿಷರಿಗೆ ಇಬ್ಬರ ಮೇಲೂ ಸ್ವಲ್ಪ ಅಸಮಾಧಾನವಾದಂತೆ ಕಂಡಿತು.

ಕಾರಂಜಿ

ಆ ಊರಿನಲ್ಲಿ ನೀರಿಗೆ ಬರವಿಲ್ಲ. ಓಣಿ ಓಣಿಗೂ ಒಂದು ನಲ್ಲಿ. ಹಗಲೂ ರಾತ್ರಿ ಸುಮ್ಮನೆ ಹರಿಯುತ್ತದೆ, ತಿರುಗಿಸಿ ನಿಲ್ಲಿಸುವವರೂ ಇಲ್ಲ. ಕಡೂರು ಸೀಮೆಯಿಂದ ಬಂದವನಿಗೆ ಅದನ್ನು ನೋಡಿದರೆ ಕೈ ತಡೆಯುವುದಿಲ್ಲ. ಎರಡು ಕಡೆ ಬಿರಡೆ ಹುಡುಕಿದೆ, ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಕಾರಂಜಿಯ ಬಳಿ ನಿಂತೆವು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬೊಗಸೆಯಲ್ಲಿ ನೀರು ಹಿಡಿದೆ. ಕುಡಿಯುವ ಮೊದಲು ಕರಡಿಗೆ ಮುಟ್ಟಿಕೊಳ್ಳುವುದು ನನ್ನ ಅಭ್ಯಾಸ. ಒಂದು ಕೈ ತಾನಾಗಿ ಎಡಜೇಬಿಗೆ ಹೋಯಿತು. ಜೇಬು ಚಪ್ಪಟೆಯಾಗಿತ್ತು. ಇನ್ನೊಂದು ಕೈಯ ನೀರು ಮೊಣಕೈಯವರೆಗೆ ಇಳಿದು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ, ಆವತ್ತು ಕಂಡೆ.

ಎಲ್ಲ ಜೇಬುಗಳನ್ನೂ ತಡಕಿದೆ. ಪೇಟ ಬಿಚ್ಚಿ ಕೊಡವಿದೆ. ಹೋದದ್ದು ಬೆಳ್ಳಿಯಲ್ಲ. ಎಂಟನೆಯ ವಯಸ್ಸಿನಲ್ಲಿ ಗುರುಗಳು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ ಲಿಂಗ. ಸತ್ತಾಗ ನನ್ನ ಜೊತೆ ಮಣ್ಣಿಗೆ ಬರಬೇಕಾದದ್ದು. ಕಳೆದುಹೋದರೆ ಪ್ರಾಣ ಬಿಟ್ಟವರ ಕಥೆಗಳನ್ನು ಕೇಳುತ್ತ ಬೆಳೆದಿದ್ದೆ. ನನಗೆ ಪ್ರಾಣ ಬಿಡುವಷ್ಟು ಶಕ್ತಿ ಇರಲಿಲ್ಲ; ಆದರೆ ಅದು ಸಿಗುವವರೆಗೆ ನೀರು ಬಿಡುವುದು ಕೈಲಾಗುವ ಮಾತು.

ಬೆನೆದೆತ್ತೊನಿಗೆ ಹೇಳಿದೆ. ಅವನು ಮಾಸ್ತರನಂತೆಯೇ ಪ್ರಶ್ನೆ ಹಾಕಿದ: ಬೆಳಗಿನಿಂದ ಎಲ್ಲಿ ಬಗ್ಗಿದಿರಿ? ಒಂದೇ ಕಡೆ ಎಂದೆ. ಉಳಿದ ಐವರಿಗೆ ಹೋಟೆಲಿನ ದಾರಿ ತೋರಿಸಿ, ಕೊಡೆಯ ತುದಿಯಿಂದ ಕೊನೆಯ ಸಲ ಎಣಿಸಿ, ನನ್ನ ಜೊತೆ ಹಿಂದಿರುಗಿದ.

ಮುಚ್ಚಿದ ಬಾಗಿಲು

ಚರ್ಚಿಗೆ ಬೀಗ. ಮಧ್ಯಾಹ್ನ ಆ ಊರು ಮಲಗುತ್ತದೆ, ದೇವರೂ ಸೇರಿ. ನಾಲ್ಕು ಗಂಟೆಗೆ ತೆರೆಯುತ್ತಾರೆ ಎಂದು ಎದುರು ಮನೆಯವಳು ಕಿಟಕಿಯಿಂದಲೇ ಹೇಳಿ ಕದ ಹಾಕಿಕೊಂಡಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಎದುರಿಗೇ ಒಂದು ನಲ್ಲಿ. ಮೂರು ತಾಸು ಅದರ ಸದ್ದು ಕೇಳಿದೆ.

ಬೆನೆದೆತ್ತೊನ ಜೇಬಿನಲ್ಲಿ ಕಾಗದ ಸುತ್ತಿದ ಬ್ರೆಡ್ ಇತ್ತು. ತೆಗೆದ, ನನ್ನ ಮುಖ ನೋಡಿದ, ಮತ್ತೆ ಒಳಗಿಟ್ಟ. ನೀವು ತಿನ್ನಿ, ನನ್ನ ನಿಯಮ ನನ್ನದು ಎಂದೆ. ಹಸಿದವನ ಪಕ್ಕದಲ್ಲಿ ಕೂತು ತಿಂದರೆ ತನ್ನ ತಾಯಿ ಗೋರಿಯಿಂದ ಎದ್ದು ಬರುತ್ತಾಳೆ ಎಂದ. ನನಗೆ ಅಕ್ಕನ ನೆನಪಾಯಿತು.

ಸುಮ್ಮನೆ ಕೂತವನಿಗೆ ಬೇಡದ್ದೆಲ್ಲ ನೆನಪಾಗುತ್ತದೆ. ನನಗೆ ನೆನಪಾದದ್ದು ಸಿದ್ದಮ್ಮ.

ಹದಿನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಹೋಬಳಿಯ ಮಠದ ಪಾರುಪತ್ಯ ನಮ್ಮ ತಂದೆಯದು. ಅವರು ಪರ ಊರಿಗೆ ಹೋದಾಗ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಆಗ ನನಗೆ ಇಪ್ಪತ್ತೆರಡು. ಸಖರಾಯಪಟ್ಟಣದ ಸಿದ್ದಮ್ಮ ಎಂಬ ಹೆಂಗಸು ಅಮಾವಾಸ್ಯೆಯ ದಿನ ಗದ್ದುಗೆಗೆ ಕಾಣಿಕೆ ಹಾಕಲು ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಹುಂಡಿಯ ಬಾಯಿಗೆ ಕೊಡವಿದಳು. ಕಾಣಿಕೆಯ ಕಾಸಿನ ಜೊತೆಗೆ ಅದೇ ಗಂಟಿನಲ್ಲಿ ಇಟ್ಟುಕೊಂಡಿದ್ದ ಒಂದು ಸಣ್ಣ ಬೆಳ್ಳಿ ಗೆಜ್ಜೆಯೂ ಬಿದ್ದುಹೋಯಿತು. ಎರಡು ವರ್ಷದ ಮಗುವಿನದು. ಮಗು ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿತ್ತು.

ಅವಳು ಕೂಗಾಡಲಿಲ್ಲ. ಹುಂಡಿಯ ಪಕ್ಕದಲ್ಲಿ ಕೂತು, "ಅದೊಂದು ತಗ್ದು ಕೊಡಪ್ಪ, ಅದೊಂದೇ ಉಳ್ದಿರಾದು," ಎಂದಳು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

"ಹುಂಡಿಗೆ ಬಿದ್ದದ್ದು ಸ್ವಾಮಿದು," ಎಂದೆ ನಾನು. "ತಿರುಗಿ ಕೊಡೋ ಪದ್ಧತಿ ಇಲ್ಲ."

ಸಂಜೆಯವರೆಗೂ ಕೂತಿದ್ದು ಹೋದಳು. ತಂದೆ ಬಂದ ಮೇಲೆ ವಿಷಯ ತಿಳಿದು, ಸರಿಯಾಗಿ ನಡೆದುಕೊಂಡೆ ಎಂದು ಬೆನ್ನು ತಟ್ಟಿದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಅವಳನ್ನು ನೆನೆದದ್ದೇ ಇಲ್ಲ.

ಮೊಳೆ

ನಾಲ್ಕಕ್ಕೆ ಗೊಂಚಲು ಬೀಗದ ಕೈ ಹಿಡಿದು ಚರ್ಚನ್ನು ನೋಡಿಕೊಳ್ಳುವ ಮುದುಕ ಬಂದ. ಕುಳ್ಳ ಮನುಷ್ಯ, ಮೂಗಿನ ಕೆಳಗೆ ನಶ್ಯದ ಕಲೆ. ಕಲ್ಲುಕಟ್ಟೆಯ ಕೆಳಗೆ, ಚಾಪೆಯ ಕೆಳಗೆ ಹುಡುಕಿದೆವು. ಇರಲಿಲ್ಲ. ತಲೆಯೆತ್ತಿದರೆ ಎದುರು ಗೋಡೆಯಲ್ಲಿ, ಎರಡು ಬೆಳ್ಳಿ ಹೃದಯಗಳ ನಡುವೆ, ಕೆಂಪು ಪಟ್ಟಿಯಲ್ಲಿ ನನ್ನ ಕರಡಿಗೆ ತೂಗುತ್ತಿತ್ತು.

ಕಂಡ ಕೂಡಲೇ ಕಣ್ಣಲ್ಲಿ ನೀರು ಬಂತು. ಕೈ ಚಾಚಿದೆ. ಮುದುಕ ಅಡ್ಡ ಬಂದ.

ಬೆನೆದೆತ್ತೊ ಅವನ ಮಾತನ್ನು ನನಗೆ, ನನ್ನ ಮಾತನ್ನು ಅವನಿಗೆ ದಾಟಿಸಿದ. ಬೆಳಿಗ್ಗೆ ಇದೇ ಓಣಿಯ ಒಬ್ಬ ಅಜ್ಜಿಗೆ ಇದು ಚಾಪೆಯ ಮೇಲೆ ಸಿಕ್ಕಿತಂತೆ. ಯಾರೋ ಹರಕೆಗೆ ತಂದು ಬೀಳಿಸಿ ಹೋಗಿದ್ದಾರೆ ಎಂದುಕೊಂಡಳಂತೆ. ಅವಳ ಮೊಮ್ಮಗನಿಗೆ ಜ್ವರ. ಇದು ನನ್ನ ಕೈಗೇ ಸಿಕ್ಕಿದ್ದರಿಂದ ನಾನೇ ಒಪ್ಪಿಸುತ್ತೇನೆ ಎಂದು, ಹುಡುಗನ ಹೆಸರು ಹೇಳಿ, ಪ್ರಾರ್ಥನೆ ಮಾಡಿ ತೂಗುಹಾಕಿಸಿದಳಂತೆ. ಹಳೆಯ ದಾರ ಕೊಳಕಾಗಿತ್ತೆಂದು ಮುದುಕ ಕತ್ತರಿಸಿ ಎಸೆದು ಹೊಸ ಪಟ್ಟಿ ಕಟ್ಟಿದ್ದ.

"ಗೋಡೆಗೆ ಏರಿದ್ದು ಮೇರಿ ತಾಯಿಯದು ಎನ್ನುತ್ತಾನೆ," ಎಂದ ಬೆನೆದೆತ್ತೊ. "ತಿರುಗಿ ಕೊಡುವ ಪದ್ಧತಿ ಇಲ್ಲವಂತೆ."

ಬೆನೆದೆತ್ತೊ ನನ್ನ ಉತ್ತರಕ್ಕೆ ಕಾದ. ಆ ಮುದುಕ ಹೇಳಿದ್ದರಲ್ಲಿ ತಪ್ಪು ಹುಡುಕಬೇಕಾದರೆ ಮೊದಲು ನನ್ನದನ್ನು ಹುಡುಕಬೇಕಿತ್ತು. ಮಾಡಿದ್ದುಣ್ಣೋ ಮಾರಾಯ ಎಂಬುದನ್ನು ಇಷ್ಟು ದೂರ ಕರೆತಂದು ಬಡಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಬೆನೆದೆತ್ತೊ ತಾನಾಗಿಯೇ ಏನೋ ಹೇಳಿದ. ಈ ಮನುಷ್ಯ ಬೆಳಗಿನಿಂದ ನೀರು ಮುಟ್ಟಿಲ್ಲ, ಮೂರು ಗಂಟೆ ನಲ್ಲಿಯ ಎದುರಿಗೇ ಕೂತಿದ್ದ, ಅದು ಸಿಗದೆ ಕುಡಿಯುವುದಿಲ್ಲ ಎಂದನಂತೆ. ಮುದುಕ ನಂಬಲಿಲ್ಲ. ಹತ್ತಿರ ಬಂದು ನನ್ನ ತುಟಿ ನೋಡಿದ. ಆಮೇಲೆ, ಒಳಗೆ ಏನಿದೆ ಎಂದು ಕೇಳಿದ.

ದೇವರು ಎಂದೆ.

ಮುದುಕ ಕುರ್ಚಿ ಹತ್ತಿ ಕರಡಿಗೆಯನ್ನು ಇಳಿಸಿ, ತೆರೆದು ತೋರಿಸು ಎಂದು ನನ್ನ ಮುಂದೆ ಹಿಡಿದ. ತೆರೆದೆ. ಒಳಗೆ ಬಟ್ಟೆ, ಬಟ್ಟೆಯಲ್ಲಿ ಕಂಥೆ ಎಂಬ ಕಪ್ಪು ಲೇಪದ ಲಿಂಗ, ಸುತ್ತ ಬೆಳಗಿನ ಪೂಜೆಯ ವಿಭೂತಿಯ ಪುಡಿ. ನನ್ನನ್ನು ಕೇಳದೆಯೇ ಕೈ ಮೂರು ಬೆರಳಲ್ಲಿ ವಿಭೂತಿ ತೆಗೆದು ಹಣೆಗೆ ಎಳೆದುಕೊಂಡಿತು.

ಮುದುಕ ನನ್ನ ಹಣೆಯನ್ನೇ ನೋಡಿದ. ಅದೇನೆಂದು ಕೇಳಿದ. ಬೂದಿ ಎಂದೆ. ಅವನು ತನ್ನ ಹೆಬ್ಬೆರಳನ್ನು ತನ್ನ ಹಣೆಗೆ ಒತ್ತಿ, ಏನೋ ಹೇಳಿದ. ಅವರಲ್ಲೂ ದೊಡ್ಡ ಉಪವಾಸ ಶುರುವಾಗುವ ದಿನ ಪಾದ್ರಿ ಎಲ್ಲರ ಹಣೆಗೆ ಬೂದಿ ಹಚ್ಚುತ್ತಾನಂತೆ. ನೀನು ಮಣ್ಣು, ಮಣ್ಣಿಗೇ ಹೋಗುತ್ತೀಯೆ ಎಂದು ನೆನಪಿಸಲು. ವರ್ಷಕ್ಕೆ ಒಂದೇ ದಿನ. ನೀವು ಎಷ್ಟು ದಿನ ಹಚ್ಚುತ್ತೀರಿ ಎಂದು ಕೇಳಿದ. ದಿನವೂ ಎಂದೆ. ಹೀಗೆ ಮರೆಯುವವನಿಗೆ ದಿನವೂ ಬೇಕು ಎಂದನಂತೆ. ಬೆನೆದೆತ್ತೊ ಅದನ್ನು ಹೇಳಲು ಸಂಕೋಚಪಟ್ಟ, ಆದರೂ ಹೇಳಿದ.

ಪದ್ಧತಿ ಇಲ್ಲ ಎಂದು ಮುದುಕ ಇನ್ನೊಂದು ಸಲ ಹೇಳಿದ. ಹೇಳುತ್ತಲೇ ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದ.

ಮೊಳೆ ಖಾಲಿಯಾಯಿತು. ಅಜ್ಜಿ ನಾಳೆ ಬಂದರೆ ಏನು ಹೇಳುವುದು ಎಂಬ ಚಿಂತೆ ಅವನಿಗೆ. ಹುಡುಗನ ಜ್ವರ ಆ ಮೊಳೆಯನ್ನೇ ನಂಬಿಕೊಂಡಿತ್ತು. ನಾನು ಗಡಿಯಾರ ಬಿಚ್ಚಿಟ್ಟುಕೊಂಡು ಬೆಳ್ಳಿ ಸರಪಣಿಯನ್ನು ಕೊಟ್ಟೆ. ಕೆಂಪು ಪಟ್ಟಿಗೆ ಸರಪಣಿಯನ್ನು ಎರಡು ಸುತ್ತು ಮಾಡಿ ತೂಗುಹಾಕಿದ. ಅಜ್ಜಿ ಏನೆಂದುಕೊಳ್ಳುತ್ತಾಳೆ ಎಂದು ಕೇಳಿದೆ. ತಾನು ಒಪ್ಪಿಸಿದ್ದು ಉದ್ದ ಬೆಳೆಯಿತು ಎಂದುಕೊಳ್ಳುತ್ತಾಳೆ ಎಂದ ಬೆನೆದೆತ್ತೊ. ಹುಡುಗ ಏನಾದನೋ ನನಗೆ ತಿಳಿಯಲಿಲ್ಲ. ಅವನ ಹೆಸರನ್ನು ಮಾತ್ರ ಕೇಳಿಕೊಂಡು ಬಂದೆ. ಇಂದಿಗೂ ಪೂಜೆಯ ಕೊನೆಗೆ ಒಂದು ಸಲ ಹೇಳುತ್ತೇನೆ.

ಕಟ್ಟಿಕೊಳ್ಳಲು ದಾರವಿರಲಿಲ್ಲ. ಅಕ್ಕ ಕೊಟ್ಟದ್ದು ಹೋಟೆಲಿನ ಪೆಟ್ಟಿಗೆಯ ತಳದಲ್ಲಿತ್ತು. ಮುದುಕ ಒಳಗೆ ಹೋಗಿ ಮೇಣದಬತ್ತಿಗೆ ಹಾಕುವ ಹತ್ತಿಯ ಬತ್ತಿಯನ್ನು ಒಂದು ಮಾರು ತಂದ. ಅದನ್ನು ಎರಡೆಳೆ ಮಾಡಿ ಹೊಸೆದು, ಉರಿದು ಉಳಿದ ಒಂದು ಮೇಣದ ತುಂಡಿನ ಮೇಲೆ ಎಳೆದು, ಹೆಬ್ಬೆರಳಿನಿಂದ ತೀಡಿದ. ಅಷ್ಟು ದೂರದ ಊರಿನಲ್ಲಿ, ಅಕ್ಕನ ಹೆಬ್ಬೆರಳು ನಡೆಯುವ ಹಾಗೆಯೇ ಅವನ ಹೆಬ್ಬೆರಳು ನಡೆಯಿತು.

ಹೊರಗೆ ಬಂದು ನಲ್ಲಿಯ ಕಟ್ಟೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗವಿಟ್ಟು ನೀರೆರೆದು ಪೂಜೆ ಮಾಡಿದೆ. ಬೆನೆದೆತ್ತೊ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ಅದು ಬಿಚ್ಚುವ ಕೊಡೆ ಎಂದು ಆಗಲೇ ಗೊತ್ತಾದದ್ದು. ದಾರವನ್ನು ಕೊರಳಿಗೆ ಹಾಕಿಕೊಂಡು, ಟೈಯನ್ನು ಜೇಬಿಗೆ ಹಾಕಿ, ನೀರು ಕುಡಿದೆ. ನಾನು ಕುಡಿದು ಮುಗಿಸಿದ ಮೇಲೆ ಅವನು ಬ್ರೆಡ್ ತೆಗೆದ.

ಆಮೇಲೆ ಇನ್ನೂ ಐದು ದಿನ ರೋಮಿನಲ್ಲಿದ್ದೆ. ದೊಡ್ಡ ದೊಡ್ಡ ಕಟ್ಟಡಗಳನ್ನೆಲ್ಲ ನೋಡಿದೆ. ಅವು ಯಾವುವೂ ಈಗ ಸರಿಯಾಗಿ ನೆನಪಿಲ್ಲ.

ಸಖರಾಯಪಟ್ಟಣ

ಊರಿಗೆ ಬಂದ ದಿನ ಅಕ್ಕ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೊರಳನ್ನು. ದಾರವನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ, ಯಾರು ಹೊಸೆದದ್ದು ಎಂದು ಕೇಳಿದಳು. ಚರ್ಚಿನ ಮುದುಕ ಎಂದೆ. ಮೇಣ ಚೆನ್ನಾಗಿ ಹತ್ತಿದೆ, ಇರಲಿ ಬಿಡು ಎಂದಳು.

ಮಠಕ್ಕೆ ಹೋಗಿ ತಂದೆಯನ್ನು ಆ ಗೆಜ್ಜೆಯ ವಿಷಯ ಕೇಳಿದೆ. ಹುಂಡಿಯ ಬೆಳ್ಳಿಯನ್ನೆಲ್ಲ ಕರಗಿಸಿ ಗದ್ದುಗೆಯ ಮೇಲಿನ ಛತ್ರಿ ಮಾಡಿಸಿ ಹತ್ತು ವರ್ಷವಾಯಿತಂತೆ. ತಲೆಯೆತ್ತಿ ನೋಡಿದೆ. ಛತ್ರಿ ಚೆನ್ನಾಗಿಯೇ ಇತ್ತು. ಅದರಲ್ಲಿ ಯಾವುದು ಗೆಜ್ಜೆ?

ತರೀಕೆರೆಯ ಅಕ್ಕಸಾಲಿಗನಿಂದ ಮಗುವಿನ ಅಳತೆಯ ಒಂದು ಹೊಸ ಗೆಜ್ಜೆ ಮಾಡಿಸಿಕೊಂಡು ಸಖರಾಯಪಟ್ಟಣಕ್ಕೆ ಹೋದೆ. ಸಿದ್ದಮ್ಮ ಬದುಕಿದ್ದಳು. ಜಗುಲಿಯ ಮೇಲೆ ಕೂತು ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಪಾರುಪತ್ಯದವರ ಮಗ ಎಂದ ಮೇಲೆ ಒಂದು ಸಲ ಕೈ ನಿಲ್ಲಿಸಿದಳು, ಮತ್ತೆ ಗರಿ ಸೀಳಿದಳು.

ಗೆಜ್ಜೆಯ ಮಾತನ್ನು ನೇರವಾಗಿ ಎತ್ತಲು ಬಾಯಿ ಬರಲಿಲ್ಲ. ರೋಮಿನ ಕಥೆಯಿಂದ ಶುರು ಮಾಡಿದೆ. ಬೂಟು ಬಿಚ್ಚಿದ್ದು, ಕರಡಿಗೆ ಬಿದ್ದದ್ದು, ಬೀಗ ಹಾಕಿದ ಬಾಗಿಲಲ್ಲಿ ಕೂತದ್ದು, ಮುದುಕ ಅಡ್ಡ ಬಂದದ್ದು. ಮೂರು ಗಂಟೆ ಕೂತಿದ್ದಾಗ ನೀನು ನೆನಪಾದೆ ಅಮ್ಮ, ನಾನು ಅವತ್ತು ಮಾಡಿದ್ದು ತಪ್ಪು ಎಂದೆ. ಛತ್ರಿಯ ವಿಷಯವನ್ನೂ ಹೇಳಿದೆ. ಅವಳು ಗರಿ ಸೀಳುತ್ತಲೇ ಕೇಳಿದಳು. ಎಲ್ಲ ಮುಗಿದ ಮೇಲೆ ಕತ್ತಿಯನ್ನು ಕೆಳಗಿಟ್ಟಳು.

"ಆವಯ್ಯ ನಿಂದು ಕೊಟ್ನಾ?"

"ಕೊಟ್ಟ, ಅಮ್ಮ."

"ಪದ್ಧತಿ ಇಲ್ಲ ಅಂದ್ಮ್ಯಾಲೂ ಕೊಟ್ನಾ?"

"ಕೊಟ್ಟ."

"ಒಳ್ಳೆ ಜನ ಕಣಪ್ಪ ಅವ್ರು," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಬಿಸಿಲಲ್ಲಿ ಬಂದಿದ್ದೀಯ ಎಂದು ಎದ್ದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ಹೊಸ ಗೆಜ್ಜೆ ಕೋಟಿನ ಜೇಬಿನಲ್ಲಿತ್ತು. ಅದನ್ನು ಅವಳ ಮಗು ತೊಟ್ಟಿರಲಿಲ್ಲ. ತೆಗೆಯಲಿಲ್ಲ. ಲೋಟ ಹಿಡಿದು ಅಭ್ಯಾಸದಂತೆ ಎದೆ ಮುಟ್ಟಿಕೊಂಡೆ. ಕರಡಿಗೆ ಇದ್ದಲ್ಲೇ ಇತ್ತು. ಆದರೂ ಆ ಮಜ್ಜಿಗೆ ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು.